ಕುಡಿತ ಬಿಟ್ಟವರ ಕೂಟ

ಕುಡುಕನಿಗೆ ಬುದ್ಧಿ ಹೇಳದವರು ಯಾರು? ತಾಯಿ ಅತ್ತು ಹೇಳಿರುತ್ತಾಳೆ. ತಂದೆ ಗದರಿಸಿ ಹೇಳಿರುತ್ತಾನೆ. ಹೆಂಡತಿ ದೇವರ ಮುಂದೆ ನಿಲ್ಲಿಸಿ ಆಣೆಯಿಡಿಸಿರುತ್ತಾಳೆ. ಕಚೇರಿಯ ಮೇಲಧಿಕಾರಿ ಕಾಗದ ಬರೆದು ಎಚ್ಚರಿಸಿರುತ್ತಾನೆ. ವೈದ್ಯನು ಯಕೃತ್ತಿನ ಅವಸ್ಥೆಯನ್ನು ವಿವರಿಸಿ ಹೆದರಿಸಿರುತ್ತಾನೆ. ಇವರೆಲ್ಲರ ಮಾತೂ ಸತ್ಯವೇ. ಕೇಳಿದವನೂ ಅದು ಸತ್ಯವೆಂದು ಬಲ್ಲನು. ಎಷ್ಟೋ ವೇಳೆ ಹೇಳುವವರಿಗಿಂತ ಚೆನ್ನಾಗಿ ಬಲ್ಲನು. ಆದರೂ ಸಂಜೆಯಾಯಿತೆಂದರೆ ಅವನ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ. ಮದ್ಯದ ದಾಸ್ಯವು ತಿಳಿವಳಿಕೆಯ ಕೊರತೆಯಿಂದ ಹುಟ್ಟಿದ್ದಾಗಿದ್ದರೆ ಉಪದೇಶದಿಂದ ಅದು ಎಂದೋ ತೊಲಗಬೇಕಾಗಿತ್ತು. ಹಾಗಾದರೆ ಯಾರ ಮಾತು ಅವನ ಮನಸ್ಸಿಗೆ ನಾಟೀತು? ಈ ಪ್ರಶ್ನೆಗೆ 1935ರಲ್ಲಿ ಅಮೇರಿಕದ ಒಂದು ಊರಿನಲ್ಲಿ ದೊರೆತ ಉತ್ತರವನ್ನೂ, ಅದರಿಂದ ಬೆಳೆದ ಕೂಟಗಳನ್ನೂ, ಅವುಗಳನ್ನು ನಮ್ಮ ಸಂಸಾರಸ್ಥರು ಹುಡುಕಿಕೊಳ್ಳುವ ಬಗೆಯನ್ನೂ ಕುರಿತು ಇಲ್ಲಿ ಬರೆಯಲೆಣಿಸಿದ್ದೇವೆ.

ಇದು ಎಲ್ಲೋ ಒಬ್ಬಿಬ್ಬ ದುರದೃಷ್ಟಶಾಲಿಗಳ ಸಂಗತಿಯೆಂದು ವಾಚಕರು ತಿಳಿಯಲಾಗದು. ಭಾರತ ಸರ್ಕಾರದ ಸಾಮಾಜಿಕ ನ್ಯಾಯದ ಮಂತ್ರಾಲಯದವರು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ ಮದ್ಯಪಾನ ಮಾಡುವವರು ಸುಮಾರು 16 ಕೋಟಿ. ಇವರಲ್ಲಿ ಮದ್ಯವಿಲ್ಲದೆ ಇರಲಾರೆನೆಂಬ ಸ್ಥಿತಿಗೆ ಬಂದವರು ಸುಮಾರು 2.9 ಕೋಟಿ. ಇಂತಹ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ದೊರೆತಿತ್ತೆಂದು ಅದೇ ಸಮೀಕ್ಷೆ ಹೇಳುತ್ತದೆ. ಮಿಕ್ಕ 37 ಮಂದಿ ಎಲ್ಲಿರುವರು? ನಮ್ಮ ನಿಮ್ಮ ಮನೆಗಳಲ್ಲಿಯೇ ಇರುವರು. ಯಜಮಾನರಿಗೆ ಮೈಯಲ್ಲಿ ಚೆನ್ನಾಗಿಲ್ಲವೆಂದು ಕಚೇರಿಗೆ ಹೇಳಿಕಳುಹಿಸುವ ಹೆಂಡತಿಯೂ, ಅಣ್ಣನು ಊರಲ್ಲಿಲ್ಲವೆಂದು ಸಾಲಗಾರನಿಗೆ ಬಾಗಿಲಲ್ಲಿಯೇ ಸುಳ್ಳು ಹೇಳುವ ತಮ್ಮನೂ ಸೇರಿ ಅವರನ್ನು ಜತನವಾಗಿ ಮುಚ್ಚಿಟ್ಟುಕೊಂಡಿರುವರು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿಯ ಮಾರಾಟವನ್ನು ನಿಲ್ಲಿಸಿದರು. ಸಾರಾಯಿ ಹೋಯಿತು, ಕುಡಿತವು ಹೋಗಲಿಲ್ಲ. ಅಂಗಡಿಯನ್ನು ಮುಚ್ಚಿಸುವುದು ಸರ್ಕಾರದ ಕೆಲಸ, ಅದರ ಗುಣದೋಷಗಳನ್ನು ಇನ್ನೊಮ್ಮೆ ನೋಡೋಣ. ಅಂಗಡಿ ತೆರೆದಿರುವಾಗಲೂ ಅದರ ಮುಂದೆ ಹಾದುಹೋಗಬಲ್ಲ ಶಕ್ತಿ ಒಬ್ಬ ಮನುಷ್ಯನಿಗೆ ಎಲ್ಲಿಂದ ಬರುವುದೆಂಬುದೇ ನಮ್ಮ ಇಂದಿನ ವಿಚಾರ.

ಬಿಲ್ ವಿಲ್ಸನ್ ಎಂಬಾತನು ನ್ಯೂಯಾರ್ಕಿನ ಷೇರುಪೇಟೆಯಲ್ಲಿ ವ್ಯವಹಾರ ನಡೆಸುತ್ತಿದ್ದವನು. ಕುಡಿತದಿಂದ ಹಣವನ್ನೂ ಮಾನವನ್ನೂ ಕಳೆದುಕೊಂಡು, ಪದೇ ಪದೇ ಆಸ್ಪತ್ರೆ ಸೇರಿ, 1934ರ ಡಿಸೆಂಬರಿನಲ್ಲಿ ಹೇಗೋ ಮದ್ಯವನ್ನು ಬಿಟ್ಟನು. ಬಿಟ್ಟವನ ಉತ್ಸಾಹ ಕೇಳಬೇಕೆ! ಊರಿನಲ್ಲಿರುವ ಕುಡುಕರನ್ನೆಲ್ಲ ಉದ್ಧಾರಮಾಡುವೆನೆಂದು ಹೊರಟು, ಕಂಡಕಂಡವರನ್ನು ಹಿಡಿದು ತನಗಾದ ದಿವ್ಯಾನುಭವವನ್ನು ಬೋಧಿಸತೊಡಗಿದನು. ತಿಂಗಳುಗಳು ಕಳೆದರೂ ಒಬ್ಬನಾದರೂ ಕುಡಿತವನ್ನು ಬಿಡಲಿಲ್ಲ. ಬೇಸರಗೊಂಡು ಹೆಂಡತಿಯೊಡನೆ ಹೇಳಿಕೊಂಡಾಗ ಆಕೆಯು, ಉಳಿದವರ ಮಾತು ಹೇಗೇ ಇರಲಿ, ನೀವಂತೂ ಇಷ್ಟು ದಿನ ಕುಡಿಯದೆ ಇದ್ದೀರಲ್ಲ ಎಂದು ತೋರಿಸಿಕೊಟ್ಟಳು. ಆತನಿಗೆ ಚಿಕಿತ್ಸೆ ಮಾಡಿದ್ದ ಡಾಕ್ಟರ್ ಸಿಲ್ಕ್‌ವರ್ತ್ ಎಂಬ ವೈದ್ಯರು, ಉಪದೇಶವನ್ನು ಕಡಿಮೆಮಾಡಿ ರೋಗದ ಸ್ವರೂಪವನ್ನು ಹೇಳೆಂದು ಬುದ್ಧಿಗಲಿಸಿದರು.

1935ರ ಮೇ ತಿಂಗಳಲ್ಲಿ ಈ ವಿಲ್ಸನ್ ಒಂದು ಕಂಪೆನಿಯ ಆಡಳಿತವನ್ನು ಕೈವಶಮಾಡಿಕೊಳ್ಳುವ ವ್ಯವಹಾರಕ್ಕಾಗಿ ಓಹಾಯೋ ಪ್ರಾಂತದ ಆಕ್ರನ್ ನಗರಕ್ಕೆ ಹೋದನು. ಕಾರ್ಯವು ಕೆಟ್ಟಿತು. ಜೊತೆಯವರು ಹಿಂದಿರುಗಿದರು. ಶನಿವಾರದ ದಿನ, ಕೈಯಲ್ಲಿ ಕಾಸಿಲ್ಲದೆ, ಅರಿಯದ ಊರಿನಲ್ಲಿ ಮೇಫ್ಲವರ್ ಎಂಬ ಹೋಟೆಲಿನ ಮೊಗಸಾಲೆಯಲ್ಲಿ ಆತನು ಒಬ್ಬನೇ ಅಡ್ಡಾಡುತ್ತಿದ್ದನು. ಒಂದು ಪಕ್ಕದಲ್ಲಿ ಪಾನಗೃಹ. ಅಲ್ಲಿಂದ ನಗೆಯೂ ಮಾತೂ ಕೇಳಿಬರುತ್ತಿತ್ತು. ಇನ್ನೊಂದು ಪಕ್ಕದಲ್ಲಿ ಟೆಲಿಫೋನು, ಅದರ ಹತ್ತಿರ ಊರಿನ ಚರ್ಚುಗಳ ಪಟ್ಟಿ. ಒಂದೇ ಒಂದು ಲೋಟ ಕುಡಿದರೇನು ಎಂಬ ಯೋಚನೆ ಬಂದಿತು. ಬಂದೊಡನೆಯೇ ಭಯವೂ ಬಂದಿತು. ಆಗ ಆತನಿಗೆ ಹೊಳೆದುದು ಹೊಸ ಮಾತು: ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕು, ಅವನನ್ನು ಉದ್ಧರಿಸುವುದಕ್ಕಲ್ಲ, ತಾನು ಉಳಿದುಕೊಳ್ಳುವುದಕ್ಕೆ. ಪಟ್ಟಿಯಲ್ಲಿದ್ದ ಒಬ್ಬ ಪಾದ್ರಿಗೆ ಟೆಲಿಫೋನು ಮಾಡಿದನು. ಅಲ್ಲಿಂದ ಒಬ್ಬರಿಂದೊಬ್ಬರಿಗೆ ವಿಚಾರಿಸುತ್ತ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆಯನ್ನು ಮುಟ್ಟಿದನು. ಆಕೆಗೆ ತನ್ನ ಪರಿಚಯದ ಶಸ್ತ್ರವೈದ್ಯರಾದ ಡಾಕ್ಟರ್ ಬಾಬ್ ಸ್ಮಿತ್ ಅವರ ನೆನಪಾಯಿತು. ಕುಡಿತದಿಂದ ಅವರ ವೃತ್ತಿ ಮುಳುಗುವುದರಲ್ಲಿತ್ತು.

ಮರುದಿನ, ಮೇ 12ನೆಯ ತಾರೀಖು ಭಾನುವಾರ ಸಂಜೆ 5 ಗಂಟೆಗೆ ಅವರಿಬ್ಬರ ಭೇಟಿಯಾಯಿತು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂಬ ಕರಾರಿನ ಮೇಲೆ ಡಾಕ್ಟರು ಬಂದಿದ್ದರಂತೆ. ಎದ್ದಾಗ ರಾತ್ರಿ 11 ದಾಟಿತ್ತು. ವಿಲ್ಸನ್ ಆ ದಿನ ಬೋಧನೆ ಮಾಡಲಿಲ್ಲ. ತಾನು ಹೇಗೆ ಕುಡಿಯುತ್ತಿದ್ದೆ, ಹೇಗೆ ಬಚ್ಚಿಡುತ್ತಿದ್ದೆ, ಹೇಗೆ ಆಣೆಯಿಟ್ಟು ಮುರಿಯುತ್ತಿದ್ದೆ ಎಂಬುದನ್ನಷ್ಟೆ ಹೇಳಿದನು. ಮದ್ಯದ ವಿಷಯವಾಗಿ ಓದಬಹುದಾದುದನ್ನೆಲ್ಲ ಓದಿದ್ದ, ಕೇಳಬಹುದಾದ ಬುದ್ಧಿಮಾತನ್ನೆಲ್ಲ ಕೇಳಿದ್ದ ಆ ವೈದ್ಯರಿಗೆ, ಸ್ವಂತ ಅನುಭವದಿಂದ ಮಾತನಾಡುವ ಮನುಷ್ಯನು ಸಿಕ್ಕಿದ್ದು ಅದೇ ಮೊದಲು.

ಅಷ್ಟರಿಂದಲೇ ಡಾಕ್ಟರು ನೆಟ್ಟಗಾದರೆಂದು ವಾಚಕರು ತಿಳಿಯಬಾರದು. ಕೆಲವು ವಾರಗಳ ಮೇಲೆ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ವೈದ್ಯರ ಸಮ್ಮೇಳನಕ್ಕೆಂದು ಹೋದವರು ಮೈಮರೆಯುವಷ್ಟು ಕುಡಿದು ಹಿಂದಿರುಗಿದರು. ಒಂದು ಶಸ್ತ್ರಚಿಕಿತ್ಸೆಯ ದಿನ ಹತ್ತಿರವಿತ್ತು, ಕೈ ನಡುಗುತ್ತಿತ್ತು. ಜೂನ್ 10ನೆಯ ತಾರೀಖಿನ ಬೆಳಗ್ಗೆ ಕೈಯ ನಡುಕ ನಿಲ್ಲಲೆಂದು ವಿಲ್ಸನ್ ತಾನೇ ಅವರಿಗೆ ಒಂದು ಬಾಟ್ಲಿ ಬಿಯರನ್ನು ಕೊಟ್ಟನು. ಅದೇ ಅವರ ಕಡೆಯ ಗುಟುಕು. 1950ರಲ್ಲಿ ತೀರಿಕೊಳ್ಳುವವರೆಗೆ ಅವರು ಮತ್ತೆ ಕುಡಿಯಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಇಬ್ಬರೂ ಕೂಡಿ ಆಕ್ರನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ವಕೀಲನ ಹಾಸಿಗೆಯ ಬಳಿ ಹೋಗಿ ಕುಳಿತರು. ಆತನು ಮೂರನೆಯವನು. 1935ರ ಆ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಜನ್ಮದಿನವೆಂದು ಎಣಿಸುತ್ತಾರೆ. ಹೆಸರು ಹೇಳಿಕೊಳ್ಳದ ಪಾನಾಸಕ್ತರು ಎಂಬುದು ಆ ಮಾತಿನ ಅರ್ಥ; ಎ.ಎ. ಎಂದು ಚಿಕ್ಕದಾಗಿ ಕರೆಯುವುದು ರೂಢಿ. 1939ರಲ್ಲಿ ಅವರು ಅಚ್ಚುಹಾಕಿಸಿದ ಪುಸ್ತಕದ ಹೆಸರೇ ಸಂಘಕ್ಕೂ ನಿಂತಿತು. 1941ರ ಮಾರ್ಚಿಯಲ್ಲಿ ಒಂದು ದೊಡ್ಡ ವಾರಪತ್ರಿಕೆಯಲ್ಲಿ ಇವರ ವಿಷಯ ಪ್ರಕಟವಾಗಲು, 2,000ದಷ್ಟಿದ್ದ ಸದಸ್ಯರು ಆ ವರ್ಷದ ಕೊನೆಗೆ 8,000 ಆದರು. ಈಗ 180ರಷ್ಟು ದೇಶಗಳಲ್ಲಿ ಈ ಕೂಟಗಳಿವೆ. ಭಾರತದಲ್ಲಿ 1957ರಲ್ಲಿ ಮೊದಲಾದುವು.

ಕುಡಿತ ಬಿಟ್ಟವರು ಒಟ್ಟಿಗೆ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವುದು ಇದಕ್ಕೂ ಮುಂಚೆ ಇಲ್ಲದಿರಲಿಲ್ಲ. 1840ರಲ್ಲಿ ಬಾಲ್ಟಿಮೋರ್ ನಗರದ ಆರು ಮಂದಿ ಕುಡುಕರು ಪಾನಗೃಹದಲ್ಲಿಯೇ ಕುಳಿತು ಪ್ರತಿಜ್ಞೆಮಾಡಿ, ವಾಷಿಂಗ್ಟನ್ ಹೆಸರಿನಲ್ಲಿ ಸಂಘ ಕಟ್ಟಿದರು. ಅದು ಕಾಳ್ಗಿಚ್ಚಿನಂತೆ ಹಬ್ಬಿ, ರಾಜಕೀಯದಲ್ಲಿಯೂ ಪಾನನಿಷೇಧದ ಜಗಳಗಳಲ್ಲಿಯೂ ಸಿಕ್ಕಿ, ಕೆಲವೇ ವರ್ಷಗಳಲ್ಲಿ ಆರಿಹೋಯಿತು. ಹೊಸ ಸಂಘದವರು ಆ ಕಥೆಯಿಂದ ಪಾಠ ಕಲಿತರೆಂದು ಕಾಣುತ್ತದೆ. ಇವರು ಯಾವ ಪಕ್ಷಕ್ಕೂ ಸೇರುವುದಿಲ್ಲ. ಪಾನನಿಷೇಧವು ಬೇಕೆಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಮೊದಲ ದಿನಗಳಲ್ಲಿ ರಾಕ್‌ಫೆಲರ್ ಅವರ ಬಳಿ ಹಣ ಕೇಳಲು ಹೋಗಿದ್ದಾಗ, ಹೆಚ್ಚು ಹಣವು ಈ ಕೆಲಸವನ್ನು ಕೆಡಿಸೀತೆಂದು ಹೇಳಿ ಆ ಕೋಟ್ಯಧೀಶರು 5,000 ಡಾಲರಿಗೆ ಕೈ ನಿಲ್ಲಿಸಿದರು. ಜಿಪುಣತನವು ಇಷ್ಟು ದೊಡ್ಡ ಉಪಕಾರವಾದ ಉದಾಹರಣೆ ನಮಗಂತೂ ಬೇರೆ ತಿಳಿಯದು.

ಇನ್ನು ಕೂಟದೊಳಗೆ ನಡೆಯುವುದೇನು? ಹೊರಗಿನವರು ಇದನ್ನು ಆಸ್ಪತ್ರೆಯೆಂದೋ ಭಜನಮಂಡಲಿಯೆಂದೋ ಊಹಿಸುತ್ತಾರೆ. ಎರಡೂ ಅಲ್ಲ. ಶಾಲೆಯ ಒಂದು ಕೋಣೆ, ಚರ್ಚಿನ ಹಿಂಭಾಗದ ಹಜಾರ, ಆಸ್ಪತ್ರೆಯ ಒಂದು ಮೂಲೆ, ಎಲ್ಲಿ ಅಗ್ಗವಾಗಿ ಜಾಗ ಸಿಕ್ಕುವುದೋ ಅಲ್ಲಿ ಸಂಜೆಯ ವೇಳೆ ಹತ್ತಿಪ್ಪತ್ತು ಮಂದಿ ಸೇರುತ್ತಾರೆ. ಕುರ್ಚಿಗಳು, ಚಹ, ಗೋಡೆಗೆ ತೂಗುಹಾಕಿದ ಎರಡು ಫಲಕಗಳು, ಇಷ್ಟೇ ಸಲಕರಣೆ. ಆ ದಿನದ ಅಧ್ಯಕ್ಷನೂ ಅವರಲ್ಲೊಬ್ಬನೇ. ಮುಂದಿನ ವಾರ ಇನ್ನೊಬ್ಬನು. ಮಾತನಾಡುವವನು ತನ್ನ ಹೆಸರಿನ ಮೊದಲ ಭಾಗವನ್ನಷ್ಟೆ ಹೇಳಿ, ತಾನು ಪಾನಾಸಕ್ತನೆಂದು ಒಪ್ಪಿಕೊಂಡು, ತನ್ನ ಕಥೆಯನ್ನು ಹೇಳುತ್ತಾನೆ. ನಡುವೆ ಬಾಯಿಹಾಕುವವರಿಲ್ಲ. ನೀನು ಹೀಗೆ ಮಾಡಬೇಕಾಗಿತ್ತು, ಹಾಗೆ ಮಾಡಬಾರದಾಗಿತ್ತು ಎಂದು ತಿದ್ದುವವರಿಲ್ಲ. ಮುಗಿಸಿದಾಗ ಧನ್ಯವಾದ ಹೇಳುತ್ತಾರೆ, ಮುಂದಿನವನು ತೊಡಗುತ್ತಾನೆ. ಸುಮಾರು ಒಂದೂವರೆ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ. ಶುಲ್ಕವಿಲ್ಲ, ದಾಖಲೆಯಿಲ್ಲ, ಸದಸ್ಯರ ಪಟ್ಟಿಯಿಲ್ಲ. ಚಹಕ್ಕೂ ಬಾಡಿಗೆಗೂ ಒಂದು ಬುಟ್ಟಿಯನ್ನು ತಿರುಗಿಸುವರು. ಇದ್ದವರು ಹಾಕುವರು, ಇಲ್ಲದವರು ಸುಮ್ಮನೆ ಮುಂದಕ್ಕೆ ದಾಟಿಸುವರು. ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಸೇರುವ ಯೋಗ್ಯತೆ.

ಇಷ್ಟರಿಂದ ಏನಾದೀತೆಂದು ಕೇಳುವವರಿಗೆ, ಮನೆಯಲ್ಲಿ ಆ ಮನುಷ್ಯನು ಮಾತನಾಡುವ ಬಗೆಯನ್ನು ನೆನೆದು ನೋಡಿರೆಂದು ಹೇಳುವೆವು. ಅಲ್ಲಿ ಅವನ ಪ್ರತಿಯೊಂದು ಮಾತೂ ಸಮರ್ಥನೆ. ಎಷ್ಟು ಕುಡಿದೆ ಎಂದರೆ ಸುಳ್ಳು, ಎಲ್ಲಿಗೆ ಹೋಗಿದ್ದೆ ಎಂದರೆ ಸುಳ್ಳು. ಎದುರಿಗೆ ನಿಂತವರು ನ್ಯಾಯಾಧೀಶರಾಗಿರುವಾಗ ಅವನು ಆರೋಪಿಯಾಗದೆ ಇನ್ನೇನಾದಾನು? ಕೂಟದಲ್ಲಿ ನ್ಯಾಯಾಧೀಶರಿಲ್ಲ. ಮಗಳ ಬಳೆಯನ್ನು ಅಡವಿಟ್ಟು ಕುಡಿದವನ ಪಕ್ಕದಲ್ಲಿ ಹೆಂಡತಿಯ ಮಾಂಗಲ್ಯವನ್ನು ಅಡವಿಟ್ಟವನು ಕುಳಿತಿರುತ್ತಾನೆ. ಆತನು ಕುಡಿಯದೆ ಮೂರು ವರ್ಷವಾಗಿರುತ್ತದೆ. ತನ್ನಂತೆಯೇ ಕೆಟ್ಟಿದ್ದವನು ಈಗ ನೆಟ್ಟಗಿರುವುದನ್ನು ಕಣ್ಣಾರೆ ಕಂಡಾಗ ಮನಸ್ಸಿನಲ್ಲಿ ಹುಟ್ಟುವ ಆಸೆಯನ್ನು ಯಾವ ಸಾಧುಪುರುಷನ ಪ್ರವಚನವೂ ಹುಟ್ಟಿಸಲಾರದು. ಆ ಮೂರು ವರ್ಷದವನಿಗಾದರೂ ಹೊಸಬನು ಬೇಕು. ಅವನನ್ನು ನೋಡಿ ತಾನು ಎಲ್ಲಿಂದ ಬಂದೆನೆಂಬುದು ನೆನಪಿಗೆ ಬರುತ್ತದೆ. ಅನೇಕರು ಹಳಬರಲ್ಲೊಬ್ಬನನ್ನು ತಮಗೆ ಮಾರ್ಗದರ್ಶಿಯಾಗಿ ಆರಿಸಿಕೊಳ್ಳುವರು. ರಾತ್ರಿ ಹತ್ತು ಗಂಟೆಗೆ ಬಾಯಿ ಒಣಗಿ ಕೈ ತುರಿಸತೊಡಗಿದಾಗ ಟೆಲಿಫೋನು ಮಾಡಲು ಒಬ್ಬನಿರುವನು. ಜೀವಮಾನವಿಡೀ ಕುಡಿಯುವುದಿಲ್ಲವೆಂಬ ಭೀಷ್ಮಪ್ರತಿಜ್ಞೆಯನ್ನು ಯಾರಿಂದಲೂ ಅವರು ಮಾಡಿಸುವುದಿಲ್ಲ. ಈ ಹೊತ್ತು ಕುಡಿಯಬೇಡ, ನಾಳೆಯದನ್ನು ನಾಳೆ ನೋಡೋಣ ಎಂಬಷ್ಟೇ ಲೆಕ್ಕ.

ಕೂಟವನ್ನು ಹುಡುಕುವುದು ಹೇಗೆಂಬುದನ್ನು ಈಗ ಹೇಳಬೇಕು. ಬೆಂಗಳೂರಿನಂತಹ ಊರಿನಲ್ಲಿ ಬೇರೆ ಬೇರೆ ಬಡಾವಣೆಗಳಲ್ಲಿ ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಎ.ಎ. ಕೂಟಗಳು ನಡೆಯುತ್ತವೆ. ಸಂಘದವರು ತಮ್ಮ ಟೆಲಿಫೋನಿನ ಸಂಖ್ಯೆಯನ್ನು ಆಸ್ಪತ್ರೆಗಳಲ್ಲಿ ತಿಳಿಸಿರುತ್ತಾರೆ. ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಕೇಳಬಹುದು; ಜಿಲ್ಲಾ ಆಸ್ಪತ್ರೆಯ ಮಾನಸಿಕ ಚಿಕಿತ್ಸಾ ವಿಭಾಗದಲ್ಲಿಯೂ ಕೇಳಬಹುದು. ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದವರು ನಡೆಸುವ 14446 ಎಂಬ ಉಚಿತ ಸಂಖ್ಯೆಯೂ, ಮನಸ್ಸಿನ ತೊಂದರೆಗಳಿಗಾಗಿ 2022ರಲ್ಲಿ ಏರ್ಪಡಿಸಿದ ಟೆಲಿ ಮಾನಸ್ ಎಂಬ 14416 ಸಂಖ್ಯೆಯೂ ಉಂಟು. ವಿಚಾರಿಸುವಾಗ ಸ್ಥಳವನ್ನೂ ಗಂಟೆಯನ್ನೂ ಕೇಳಿದರೆ ಸಾಲದು. ಯಾವ ಭಾಷೆಯಲ್ಲಿ ನಡೆಯುವುದೆಂದೂ, ಅದು ತೆರೆದ ಸಭೆಯೋ ಮುಚ್ಚಿದ ಸಭೆಯೋ ಎಂದೂ ಕೇಳಬೇಕು. ತೆರೆದ ಸಭೆಗೆ ಮನೆಯವರೂ ಮಿತ್ರರೂ ಹೋಗಬಹುದು. ಮುಚ್ಚಿದ ಸಭೆಯು ಕುಡಿತದ ತೊಂದರೆಯುಳ್ಳವರಿಗೆ ಮಾತ್ರ. ಮೊದಲ ಸಲ ಜೊತೆಗೆ ಹೋಗಬೇಕೆಂದಿರುವ ಅಣ್ಣನೋ ಭಾವಮೈದುನನೋ ಇದನ್ನು ತಿಳಿದುಕೊಳ್ಳದೆ ಹೋಗಿ ಬಾಗಿಲ ಬಳಿ ಪೇಚಾಡುವುದುಂಟು.

ಹಳ್ಳಿಗಳಲ್ಲಿ ಬೇರೊಂದು ಏರ್ಪಾಡಿದೆ. ಶ್ರೀಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಸುಮಾರು ಒಂದು ವಾರದ ಶಿಬಿರವು ಮುಗಿದ ಮೇಲೆ, ಕುಡಿತ ಬಿಟ್ಟವರು ಮತ್ತೆ ಮತ್ತೆ ಸೇರುವಂತೆ ನವಜೀವನ ಸಮಿತಿಗಳನ್ನು ಕಟ್ಟಿರುವರು. ನಮ್ಮ ಎಣಿಕೆಯಲ್ಲಿ ಶಿಬಿರಕ್ಕಿಂತ ಈ ಸಮಿತಿಗಳೇ ಹೆಚ್ಚು ಮುಖ್ಯ. ಶಿಬಿರದಲ್ಲಿ ಹಾರ, ಭಾಷಣ, ಬಂಧುಬಳಗದ ಕಣ್ಣೀರು ಎಲ್ಲವೂ ಇರುತ್ತವೆ. ಒಂಬತ್ತನೆಯ ದಿನ ಅಂಗಡಿಯ ಮುಂದೆ ಹಾದುಹೋಗುವಾಗ ಅವು ಯಾವುವೂ ಇರುವುದಿಲ್ಲ.

ಚಿಕ್ಕ ಊರಿನವರಿಗೆ ಒಂದು ಅಂಜಿಕೆ ಸಹಜ. ಪರಿಚಯದವರು ಯಾರಾದರೂ ಅಲ್ಲಿ ಕಂಡರೆ? ಕಂಡರೆ, ಅವರೂ ಅದೇ ಕಾರಣಕ್ಕಾಗಿ ಬಂದಿರುತ್ತಾರೆಂದು ತಿಳಿಯತಕ್ಕದ್ದು. ಅಲ್ಲಿ ಕೇಳಿದುದನ್ನು, ಕಂಡವರ ಹೆಸರನ್ನು ಹೊರಗೆ ಆಡಬಾರದೆಂಬುದು ಕೂಟದ ಗಟ್ಟಿಯಾದ ನಿಯಮ. ಅದಲ್ಲದೆ ನಮಗೊಂದು ಆಶ್ಚರ್ಯವೂ ಇದೆ: ನಡುಬೀದಿಯ ಮದ್ಯದಂಗಡಿಯ ಮುಂದೆ ಹಾಡುಹಗಲಿನಲ್ಲಿ ಸಾಲುಗಟ್ಟಿ ನಿಲ್ಲಲು ನಾಚದವನು, ಶಾಲೆಯ ಕೋಣೆಯೊಂದರಲ್ಲಿ ಚಹ ಕುಡಿಯುತ್ತ ಕುಳಿತಿರಲು ನಾಚುತ್ತಾನೆ!

ಹೋದ ಮೊದಲ ದಿನ ಎಲ್ಲವೂ ರುಚಿಸದು. ಒಬ್ಬನು ಬಹಳ ಮಾತನಾಡಿದನು, ಇನ್ನೊಬ್ಬನು ಅತ್ತನು, ಇವರಿಗೂ ನನಗೂ ಏನು ಸಂಬಂಧ, ನಾನು ಇವರಷ್ಟು ಕೆಟ್ಟಿಲ್ಲ ಎಂದು ಹೇಳುತ್ತ ಹಿಂದಿರುಗುವವರೇ ಹೆಚ್ಚು. ಮಾತನಾಡಲೇಬೇಕೆಂಬ ಬಲವಂತವಿಲ್ಲ; ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದರೂ ಆಯಿತು. ಒಂದು ಕೂಟ ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಬಹುದು, ಏಕೆಂದರೆ ಒಂದೊಂದರ ಹದವೂ ಒಂದೊಂದು ಬಗೆ. ಆರೇಳು ಸಲವಾದರೂ ಹೋಗದೆ ತೀರ್ಮಾನಕ್ಕೆ ಬರಬಾರದೆಂದು ನಾವು ಹೇಳುವೆವು. ಹೊಸಬರು ಮೊದಲ 90 ದಿನಗಳಲ್ಲಿ 90 ಕೂಟಗಳಿಗೆ ಹೋಗಲಿ ಎಂಬ ಮಾತು ಹಳಬರಲ್ಲಿ ರೂಢಿಯಲ್ಲಿದೆ. ದಿನವೂ ಕುಡಿಯಲು ಬಿಡುವಿದ್ದವನಿಗೆ ಇದಕ್ಕೂ ಬಿಡುವು ದೊರೆಯದಿರದು.

ದೇವರ ಮಾತು ಬರುವುದರಿಂದ ಕೆಲವರು ಹಿಂದೆಗೆಯುತ್ತಾರೆ. ಎ.ಎ. ಸಂಘದ ಹನ್ನೆರಡು ಮೆಟ್ಟಿಲುಗಳೆಂಬ ಸಾಧನಕ್ರಮವು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಪಂಗಡದ ಆಚಾರಗಳಿಂದ ಬೆಳೆದುದು ನಿಜ. ಆದರೆ ಸಂಘದ ಮೊದಲ ಸದಸ್ಯರಲ್ಲಿಯೇ ನಾಸ್ತಿಕರಿದ್ದರು. ಅವರ ಹಟದಿಂದಲೇ, ದೇವರೆಂದರೆ ಯಾವನು ಹೇಗೆ ತಿಳಿದುಕೊಂಡಿರುವನೋ ಹಾಗೆ ಎಂಬ ಅರ್ಥದ ಮಾತು ಸೇರಿತು. ರಾಮನೆಂದರೂ ಆಯಿತು, ಅಲ್ಲಾ ಎಂದರೂ ಆಯಿತು, ಈ ಕೂಟದ ಒಗ್ಗಟ್ಟಿನ ಶಕ್ತಿಯೇ ನನಗೆ ದೊಡ್ಡದೆಂದರೂ ಆಯಿತು. ಅದೂ ಒಪ್ಪದವರಿಗೆ ಸ್ಮಾರ್ಟ್ ರಿಕವರಿ ಎಂಬ, ದೇವರ ಮಾತೆತ್ತದ ಸಂಘವೊಂದು 1994ರಿಂದ ಅಮೇರಿಕದಲ್ಲಿ ಬೆಳೆದಿದೆ. ಜಪಾನಿನವರಾದರೋ 1963ರಲ್ಲಿ ದೇಶವ್ಯಾಪಿಯಾದ ತಮ್ಮದೇ ದಾನ್‌ಶುಕಾಯ್ ಎಂಬ ಕೂಟಗಳ ಒಕ್ಕೂಟವನ್ನು ಕಟ್ಟಿಕೊಂಡರು. ಅಲ್ಲಿ ಹೆಸರನ್ನು ಮರೆಮಾಚುವುದಿಲ್ಲ, ಗಂಡನೊಡನೆ ಹೆಂಡತಿಯೂ ಬಂದು ಕುಳಿತು ತನ್ನ ಪಾಲಿನ ಕಥೆಯನ್ನು ಹೇಳುತ್ತಾಳೆ. ನಮ್ಮ ಕುಟುಂಬಪದ್ಧತಿಗೆ ಇದು ಹೆಚ್ಚು ಹೊಂದುವುದೆಂದು ನಮಗೆ ತೋರುತ್ತದೆ.

ಕೂಟದಿಂದ ನಿಜವಾಗಿಯೂ ಫಲವುಂಟೆ? ಬಹುಕಾಲ ಇದಕ್ಕೆ ಸದಸ್ಯರ ಸಾಕ್ಷ್ಯವನ್ನು ಬಿಟ್ಟರೆ ಗಟ್ಟಿಯಾದ ಆಧಾರವು ಸಾಲದಾಗಿತ್ತು. 2020ರಲ್ಲಿ ಕಾಕ್ರೇನ್ ಸಂಸ್ಥೆಯ ಪರವಾಗಿ ಮೂವರು ವಿದ್ವಾಂಸರು 27 ಅಧ್ಯಯನಗಳನ್ನು, ಅವುಗಳಲ್ಲಿ ಸೇರಿದ್ದ 10,565 ಜನರ ವೃತ್ತಾಂತವನ್ನು ಒಟ್ಟುಗೂಡಿಸಿ ಪರೀಕ್ಷಿಸಿದರು. ಎ.ಎ. ಕೂಟದ ದಾರಿಗೆ ಕ್ರಮವಾಗಿ ಹಚ್ಚಲ್ಪಟ್ಟವರಲ್ಲಿ ಒಂದು ವರ್ಷದ ತರುವಾಯ ಪೂರ್ತಿಯಾಗಿ ಮದ್ಯವನ್ನು ಬಿಟ್ಟಿದ್ದವರು ನೂರಕ್ಕೆ 42. ಮಿಕ್ಕ ಚಿಕಿತ್ಸೆಗಳನ್ನು ಪಡೆದವರಲ್ಲಿ ನೂರಕ್ಕೆ 35. ಅಂತರವು ಚಿಕ್ಕದೆನ್ನುವವರು, ಒಂದಕ್ಕೆ ಬೆಲೆಯಿದೆ, ಇನ್ನೊಂದಕ್ಕೆ ಬೆಲೆಯಿಲ್ಲ ಎಂಬುದನ್ನೂ ಎಣಿಸಬೇಕು. ಅರ್ಧಕ್ಕಿಂತ ಹೆಚ್ಚು ಜನ ಆ ವರ್ಷದಲ್ಲಿ ಎಡವಿದರೆಂಬುದೂ ಅದೇ ಲೆಕ್ಕದಲ್ಲಿದೆ. ಅದನ್ನು ಮರೆಮಾಡುವುದು ನ್ಯಾಯವಲ್ಲ.

ವೈದ್ಯನ ಕೆಲಸವನ್ನು ಕೂಟವು ಮಾಡಲಾರದು. ಬಹುದಿನಗಳಿಂದ ನಿತ್ಯವೂ ಹೆಚ್ಚಾಗಿ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯವಾಗಬಹುದು. ಕೈ ನಡುಕ, ಬೆವರು, ನಿದ್ರೆಯಿಲ್ಲದಿರುವುದು ಮೊದಲಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಮೂರ್ಛೆಯ ಸೆಳೆತ ಬರಬಹುದು. ಎರಡರಿಂದ ನಾಲ್ಕನೆಯ ದಿನದ ವೇಳೆಗೆ ಇಲ್ಲದ ಹುಳುಹುಪ್ಪಟೆಗಳು ಕಣ್ಣಿಗೆ ಕಂಡು, ದಿಕ್ಕುತಪ್ಪಿ ಕೂಗಾಡುವ ಸನ್ನಿಯುಂಟಾಗಬಹುದು. ಮನೆಯವರು ಇದನ್ನು ಗ್ರಹಚಾರವೆಂದು ಮಂತ್ರವಾದಿಯ ಬಳಿಗೆ ಕರೆದೊಯ್ದು ಕಾಲಹರಣ ಮಾಡುವರು. ಇಂತಹವನನ್ನು ಮೊದಲು ಆಸ್ಪತ್ರೆಗೆ ಸೇರಿಸಿ, ಥಯಾಮಿನ್ ಎಂಬ ಜೀವಸತ್ವವನ್ನೂ ಬೇಕಾದ ಔಷಧಗಳನ್ನೂ ಕೊಡಿಸಿ, ದೇಹವು ತಿಳಿಯಾದ ಮೇಲೆ ಕೂಟಕ್ಕೆ ಕಳುಹಿಸತಕ್ಕದ್ದು.

ಇದರೊಡನೆ ಇನ್ನೊಂದು ಎಚ್ಚರಿಕೆ. ಕುಡುಕನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕುಡಿತವನ್ನು ಬಿಡಿಸುವ ಪುಡಿಗಳ ಜಾಹೀರಾತುಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಡೈಸಲ್ಫಿರಾಮ್ ಎಂಬ ಔಷಧದ ಗುಣವನ್ನು ಡೆನ್ಮಾರ್ಕಿನ ಸಂಶೋಧಕರು 1948ರಲ್ಲಿ ಪ್ರಕಟಿಸಿದರು. ಅದನ್ನು ಸೇವಿಸಿದವನು ಮದ್ಯವನ್ನು ಕುಡಿದರೆ ಮುಖವು ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಕೆಲವೊಮ್ಮೆ ಪ್ರಾಣವೇ ಹೋಗುವಂತಾಗುತ್ತದೆ. ವೈದ್ಯನ ಎದುರಿನಲ್ಲಿ, ರೋಗಿಯ ಒಪ್ಪಿಗೆಯಿಂದ ಕೊಟ್ಟರೆ ಅದು ಔಷಧ. ಕದ್ದು ಬೆರೆಸಿದರೆ ವಿಷಕ್ಕೆ ಸಮಾನ. ಗೃಹಿಣಿಯರು ಎಷ್ಟೇ ಬೇಸತ್ತಿದ್ದರೂ ಈ ದಾರಿಗೆ ಹೋಗಬಾರದು.

ಗೃಹಿಣಿಯರ ಮಾತು ಬಂದುದರಿಂದ ವಿಲ್ಸನ್ನನ ಹೆಂಡತಿ ಲೋಯಿಸಳ ಸಂಗತಿಯೊಂದನ್ನು ಹೇಳಬೇಕು. ಹದಿನೇಳು ವರ್ಷ ಗಂಡನ ಕುಡಿತವನ್ನು ತಾಳಿಕೊಂಡು, ದುಡಿದು ಸಂಸಾರ ಸಾಗಿಸಿದವಳು ಆಕೆ. ಗಂಡನು ಕುಡಿತ ಬಿಟ್ಟ ಮೇಲೆ ಒಂದು ದಿನ ಆತನು, ಬೇಗ ಹೊರಡು, ಸಭೆಗೆ ಹೊತ್ತಾಯಿತು ಎನ್ನಲು, ಆಕೆಗೆ ಎಲ್ಲಿಲ್ಲದ ಸಿಟ್ಟು ಬಂದು, ನಿಮ್ಮ ಸಭೆಗೆ ಬೆಂಕಿ ಬೀಳಲಿ ಎಂಬಂತೆ ಕೂಗಿ, ಕೈಯಲ್ಲಿದ್ದ ಪಾದರಕ್ಷೆಯನ್ನು ಎಸೆದುಬಿಟ್ಟಳು. ತರುವಾಯ ತಾನೇ ಬೆರಗಾದಳು. ಗಂಡನು ಕುಡಿಯುತ್ತಿಲ್ಲ, ಬೇಡಿದ್ದೆಲ್ಲ ಕೈಗೂಡಿದೆ, ಹೀಗಿರಲು ಈ ಸಿಟ್ಟೇಕೆ? ತಾನು ಅಷ್ಟು ವರ್ಷ ಪ್ರೀತಿಯಿಂದ ಮಾಡಲಾಗದುದನ್ನು ನಿನ್ನೆ ಮೊನ್ನೆ ಬಂದ ಅಪರಿಚಿತರು ಮಾಡಿಬಿಟ್ಟರಲ್ಲ ಎಂಬ ನೋವು ಒಳಗೆ ಇತ್ತೆಂದು ಆಕೆಗೆ ಹೊಳೆಯಿತು. ಇಂತಹ ಹೆಂಗಸರು ಆಕೆಯೊಬ್ಬಳೇ ಅಲ್ಲ. ಗಂಡಂದಿರು ಒಳಗೆ ಕುಳಿತಿರುವಾಗ ಹೊರಗೆ ಕಾಯುತ್ತಿದ್ದ ಹೆಂಡಂದಿರೂ ತಮ್ಮತಮ್ಮೊಳಗೆ ಮಾತನಾಡಿಕೊಳ್ಳತೊಡಗಿ, 1951ರಲ್ಲಿ ಲೋಯಿಸಳ ನೇತೃತ್ವದಲ್ಲಿ ಆಲ್-ಆನಾನ್ ಎಂಬ ಕುಟುಂಬದವರ ಸಂಘವಾಯಿತು. 1957ರಿಂದ ಕುಡುಕರ ಮಕ್ಕಳಿಗೂ ಆಲಟೀನ್ ಎಂಬ ಕೂಟಗಳಾದುವು. ಆಲ್-ಆನಾನ್ ಕೂಟಗಳು ನಮ್ಮ ದೇಶದಲ್ಲಿಯೂ ಇವೆ, ಗಂಡನು ಎ.ಎ. ಕೂಟಕ್ಕೆ ಹೋಗಲೊಲ್ಲದಿದ್ದರೂ ಹೆಂಡತಿಯು ತನ್ನದಕ್ಕೆ ಹೋಗಬಹುದು. ಅಲ್ಲಿ ಕಲಿಯತಕ್ಕದ್ದು ಗಂಡನನ್ನು ತಿದ್ದುವ ಉಪಾಯವಲ್ಲ. ಅವನ ಪರವಾಗಿ ಸುಳ್ಳು ಹೇಳುವುದನ್ನೂ, ಬಾಟ್ಲಿಗಳನ್ನು ಎಣಿಸುವುದನ್ನೂ, ಅವನ ಕುಡಿತಕ್ಕೆ ತಾನೇ ಕಾರಣಳೆಂದು ಕೊರಗುವುದನ್ನೂ ಬಿಡುವ ಬಗೆಯನ್ನು ಅಲ್ಲಿ ಕಲಿಯುತ್ತಾರೆ.

ತಾನೇ ಕುಡಿಯುವ ಹೆಂಗಸಿನ ಗತಿ ಇನ್ನೂ ಕಷ್ಟದ್ದು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಮದ್ಯಪಾನ ಮಾಡುವ ಗಂಡಸರು ನೂರಕ್ಕೆ 27.3, ಹೆಂಗಸರು 1.6. ಸಂಖ್ಯೆ ಕಡಿಮೆಯಾದಷ್ಟೂ ಗುಟ್ಟು ಹೆಚ್ಚು. ಗಂಡಸರೇ ತುಂಬಿದ ಕೋಣೆಗೆ ಹೋಗಲು ಆಕೆ ಹೇಗೆ ಧೈರ್ಯಮಾಡಿಯಾಳು? 2020ರ ಮಹಾಮಾರಿಯ ಕಾಲದಲ್ಲಿ ಕೋಣೆಗಳು ಮುಚ್ಚಿದಾಗ ದೂರವಾಣಿಯ ಪರದೆಯ ಮೇಲೆ ಕೂಟಗಳನ್ನು ನಡೆಸುವ ಪದ್ಧತಿ ಹಬ್ಬಿತು. ಈಗಲೂ ಅದು ನಿಂತಿಲ್ಲ. ಮುಖವನ್ನು ತೋರಿಸದೆಯೂ ಕೇಳಬಹುದಾದ ಈ ಏರ್ಪಾಡು ಇಂತಹ ಹೆಂಗಸರಿಗೆ ಬಹಳ ಅನುಕೂಲ. ಪರದೇಶದಲ್ಲಿದ್ದು ತಾಯ್ನುಡಿಯಲ್ಲಿ ಅಳಲು ಜಾಗವಿಲ್ಲದ ಕನ್ನಡಿಗನಿಗೂ ಇದರಿಂದ ದಾರಿ ತೆರೆದಿದೆ.

ಕಡೆಗೆ, ಮನೆಯವನು ಮೊದಲ ಸಲ ಕೂಟಕ್ಕೆ ಹೋದ ರಾತ್ರಿ ಮನೆಯವರು ಮಾಡತಕ್ಕದ್ದೇನು? ಬಾಗಿಲಲ್ಲಿ ನಿಂತು ಬಾಯಿಯ ವಾಸನೆ ನೋಡಬಾರದು. ಏನು ಹೇಳಿದರು, ಯಾರು ಯಾರು ಬಂದಿದ್ದರು, ಇನ್ನು ಮೇಲೆ ಬಿಟ್ಟೇಬಿಡುವಿರಷ್ಟೆ ಎಂದು ಕೇಳಬಾರದು. ಅತ್ತೆಯವರಿಗೆ, ನೆರೆಯವರಿಗೆ ಸುದ್ದಿ ಮುಟ್ಟಿಸಬಾರದು. ಅನ್ನವು ಬಿಸಿಯಾಗಿದ್ದರೆ ಬಡಿಸುವುದು. ತಾನಾಗಿ ಏನಾದರೂ ಹೇಳಿದರೆ ಕೇಳುವುದು; ಹೇಳದಿದ್ದರೆ ಮಕ್ಕಳ ಪಾಠದ ಮಾತನ್ನೋ ಮಳೆಯ ಮಾತನ್ನೋ ಆಡಿ ದೀಪ ಆರಿಸುವುದು. ಮುಂದಿನ ಕೂಟ ಯಾವತ್ತೆಂಬುದನ್ನು ಮಾತ್ರ ಪಂಚಾಂಗದ ಹಾಳೆಯ ಮೇಲೆ ಗುರುತುಮಾಡಿಟ್ಟುಕೊಂಡು, ಆ ಸಂಜೆ ನೆಂಟರನ್ನು ಊಟಕ್ಕೆ ಕರೆಯದಿದ್ದರಾಯಿತು.